ಅರವತ್ತೇಳಾದ ಮೇಲೆ ನೂರು

ಅರವತ್ತೇಳು ಹೋಗಿ ನೂರು ಬಂತು, ಗೋಡೆಯ ಮೇಲಿನ ಪರದೆಯಲ್ಲಿ, ಟಿಂಗ್ ಅಂತ ಸದ್ದು ಬೇರೆ, ಅರವತ್ತೇಳಾದ ಮೇಲೆ ನೂರು — ಕಣ್ಣು ಮಂಜಾಯಿತೇನೋ ಅಂತ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ನೋಡಿದೆ, ನೂರೇ, ಈಗಷ್ಟೇ ಒಳಗೆ ಬಂದು ಕೂರಲು ಜಾಗ ಹುಡುಕುತ್ತಿದ್ದ ಹೆಂಗಸು ಕೈಯ ಚೀಟಿ ನೋಡಿಕೊಂಡು, ಪರದೆ ನೋಡಿಕೊಂಡು, ಅರೆ ಇಷ್ಟು ಬೇಗಾನಾ ಅಂತ ರಕ್ತ ತೆಗೆಯುವ ಕೋಣೆಗೆ ನುಗ್ಗಿದಳು, ನಮ್ಮ ಚೀಟಿ ಅರವತ್ತೆಂಟು, ಮುಂದಿನದು ನಮ್ಮದೇ ಅಂತ ಅಕ್ಕ ಎದ್ದು ನಿಂತು ಶಾಲು ಸರಿಮಾಡಿಕೊಂಡಿದ್ದಳು, ಮತ್ತೆ ಕೂತಳು, ಹೋಗ್ಲಿ ಬಿಡೋ, ಅವರಿಗೇನು ಅವಸರವೋ ಏನೋ, ಅಕ್ಕನ ಲೆಕ್ಕದಲ್ಲಿ ಲೋಕದವರಿಗೆಲ್ಲ ಅವಸರ, ತನಗೊಬ್ಬಳಿಗೇ ಇಲ್ಲ. ಟಿಂಗ್, ನೂರೊಂದು. ಆಗ ಹೊಳೆದು ನಗು ಉಕ್ಕಿ ಬಂತು, ಇಪ್ಪತ್ತಾರು ವರ್ಷದಿಂದ ಲಿಫ್ಟುಗಳಿಗೆ ಪ್ರೋಗ್ರಾಂ ಬರೆಯುತ್ತಿರುವ ನನಗೆ ಈ ತಪ್ಪು ವಾಸನೆಯಿಂದಲೇ ತಿಳಿಯುತ್ತದೆ, ಇದನ್ನು ಬರೆದ ಪುಣ್ಯಾತ್ಮ ಅಂಕಿಯನ್ನು ಅಂಕಿ ಅಂತ ಇಟ್ಟಿಲ್ಲ, ಪದ ಅಂತ ಇಟ್ಟಿದ್ದಾನೆ, ನಿಘಂಟಿನಲ್ಲಿ ಪದಗಳನ್ನು ಜೋಡಿಸಿದ ಹಾಗೆ ಯಂತ್ರ ಮೊದಲ ಅಕ್ಷರ ನೋಡಿ ಸಾಲು ಹಚ್ಚುತ್ತಿದೆ, ನೂರರ ಮೊದಲಲ್ಲಿ ಒಂದಿದೆ, ಅರವತ್ತೆಂಟರ ಮೊದಲಲ್ಲಿ ಆರಿದೆ, ಒಂದು ಮುಂದೆ, ಆರು ಹಿಂದೆ, ಇನ್ನು ಮೇಲೆ ಬರುವವರೆಲ್ಲ ನೂರಾ ಚಿಲ್ಲರೆ, ಅಷ್ಟೂ ಜನ ನಮಗಿಂತ ಮುಂದೆ — ಹೊಸಬರೆಂದರೆ ಈ ಯಂತ್ರಕ್ಕೆ ಅದೇನು ಅಕ್ಕರೆಯಪ್ಪಾ, ನಮ್ಮ ವೇದಿಕೆಯಲ್ಲಿ ಇಂಥದ್ದು ನಡೆಯುವುದಿಲ್ಲ.

ನಮ್ಮ ವೇದಿಕೆ ಅಂದರೆ ಪ್ರೋಗ್ರಾಂ ಬರೆಯುವವರು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವ ಅಂತರ್ಜಾಲದ ಜಾಗ, ಅಲ್ಲಿ ನನ್ನ ಹೆಸರು ಒರೆಗಲ್ಲು, ಕಚೇರಿಯಲ್ಲಿ ನನ್ನನ್ನು ಯಾರೂ ಎದ್ದು ನಿಂತು ನೋಡುವುದಿಲ್ಲ, ಅಲ್ಲಿ ಮಾತ್ರ ಗುರುಗಳೇ ಅನ್ನುತ್ತಾರೆ, ಪ್ರಶ್ನೆಗೆ ಬೀಗ ಹಾಕುವ ಅಧಿಕಾರ ಇದೆ, ತಿದ್ದುವ ಅಧಿಕಾರ ಇದೆ, ನಮಸ್ಕಾರ, ದಯವಿಟ್ಟು, ಧನ್ಯವಾದ ಇವನ್ನೆಲ್ಲ ಕತ್ತರಿಸಿ ಎಸೆಯುವುದು ಅಲ್ಲಿನ ನಿಯಮ, ಓದುವವರ ಸಮಯ ಹಾಳಲ್ಲವೇ, ಎಷ್ಟು ಸಾವಿರ ಧನ್ಯವಾದಗಳನ್ನು ಈ ಕೈಯಿಂದಲೇ ಕತ್ತರಿಸಿದ್ದೇನೋ. ಹನ್ನೊಂದು ವರ್ಷದ ಹಿಂದೆ ಯಾರೋ ಕೇಳಿದ್ದ, ಸಾಲು ಹಚ್ಚಿದಾಗ ಒಂಬತ್ತಕ್ಕಿಂತ ಮುಂಚೆ ಹತ್ತು ಯಾಕೆ ಬರುತ್ತೆ ಅಂತ, ಇದೇ ತಪ್ಪು, ಇದೇ ಅಂದರೆ ಇದೇ, ಆವತ್ತು ಒಂದು ಕಟ್ಟಡದ ಮಾಲೀಕ ಲಿಫ್ಟು ನಾಲ್ಕನೆಯ ಮಹಡಿಯಲ್ಲಿ ಸಿಕ್ಕಿಕೊಂಡಿದ್ದಕ್ಕೆ ಎಲ್ಲರ ಎದುರಿಗೆ ನನ್ನ ಮಾನ ಹರಾಜು ಹಾಕಿದ್ದ, ಆ ಉರಿಯಲ್ಲಿ ಬರೆದೆ, ಮೊದಲು ಎಣಿಸೋದು ಕಲಿತುಕೊಂಡು ಬಾ ಮರಿ, ಅಷ್ಟೇ, ಒಂದೇ ಸಾಲು, ಚಹಾ ಕುಡಿದು ಬರುವಷ್ಟರಲ್ಲಿ ಮೆಚ್ಚಿದವರು ಒತ್ತುವ ಚಪ್ಪಾಳೆ ಗುರುತು ನಾನೂರು ಬಿದ್ದಿದ್ದವು, ಜನ್ಮದಲ್ಲಿ ಯಾವುದಕ್ಕೂ ನನಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಆಮೇಲೆ ಅದು ನನ್ನ ಮಾತಾಗಿ ಉಳಿಯಲೇ ಇಲ್ಲ, ಯಾರಾದರೂ ಸಣ್ಣ ಪ್ರಶ್ನೆ ಕೇಳಿದರೆ ಸಾಕು ಯಾರಾದರೊಬ್ಬರು ಅದನ್ನೇ ಅಂಟಿಸಿಬಿಡುತ್ತಿದ್ದರು, ಒಬ್ಬ ಅದಕ್ಕೆ ಕೋಲು ಹಿಡಿದ ಮೇಷ್ಟ್ರ ಚಿತ್ರ ಬರೆದ, ಎಣಿಕೆಗೂ ಪ್ರಶ್ನೆಗೂ ಸಂಬಂಧ ಇಲ್ಲದಿದ್ದರೂ ಎಣಿಸೋದು ಕಲಿತುಕೊಂಡು ಬಾ ಮರಿ, ಕೇಳಿದವರು ಬಾಲ ಮುದುರಿಕೊಂಡು ಪ್ರಶ್ನೆ ಅಳಿಸಿ ಹೋಗುತ್ತಿದ್ದರು, ಹೋಗಲಿ, ನಮಗೆ ಯಾರು ಕೈಹಿಡಿದು ಕಲಿಸಿದ್ದರು.

ನಮಗೆ ಯಾರು ಕೈಹಿಡಿದು — ಟಿಂಗ್, ನೂರಾ ನಾಲ್ಕು, ಇದನ್ನು ಬಿಡುವುದುಂಟೇ ಅಂತ ಫೋನು ತೆಗೆದು ಪರದೆಯ ಫೋಟೊ ಹೊಡೆದೆ, ಇದು ಆಸ್ಪತ್ರೆ ಸ್ವಾಮೀ, ಅರವತ್ತೇಳಾದ ಮೇಲೆ ನೂರು, ಇದನ್ನು ಬರೆದ ಮಹಾನುಭಾವರಿಗೆ ಏನು ಹೇಳೋಣ ಅಂತ ಬರೆದು ವೇದಿಕೆಗೆ ಹಾಕಿದೆ, ಏನೋ ಮಾಡ್ತಿದ್ದೀಯಲ್ಲ ಅಂದಳು ಅಕ್ಕ, ಕೆಲಸ ಅಕ್ಕಾ ಅಂದೆ, ಹತ್ತು ಚಪ್ಪಾಳೆ, ಮೂವತ್ತು, ಮೊದಲ ಉತ್ತರ ಬಂದೇಬಿಟ್ಟಿತು, ಎಣಿಸೋದು ಕಲಿತುಕೊಂಡು ಬಾ ಮರಿ, ಎರಡನೆಯವನು ಕೋಲಿನ ಮೇಷ್ಟ್ರನ್ನು ಅಂಟಿಸಿದ, ಎದ್ದು ಹೋಗಿ ಚೀಟಿ ಕೊಡುವ ಕಿಟಕಿಯಲ್ಲಿ ಹೇಳಿದರೆ ಎರಡು ನಿಮಿಷದ ಮಾತು, ಹೇಳೋಣ, ಚಪ್ಪಾಳೆ ಐವತ್ತಾಗಲಿ. ಹಸಿವಾಗುತ್ತಾ ಅಕ್ಕಾ. ಇಲ್ಲಪ್ಪ, ಯಾಕೋ ಕೈ ನಡುಗ್ತಿದೆ, ಚಳಿ ಇರಬೇಕು. ಫ್ಯಾನಿನ ಕೆಳಗಿಂದ ಈಚೆ ಬಾ ಅಂದೆ, ಮುಖ ನೋಡಲಿಲ್ಲ, ಫೋನು ನೋಡುತ್ತಲೇ ಅಂದೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂತ ರಾತ್ರಿಯಿಂದ ಏನೂ ತಿಂದಿಲ್ಲ, ಸಕ್ಕರೆ ಕಾಯಿಲೆ ಗುಳಿಗೆ ತಗೊಂಡಿಲ್ಲ ತಾನೆ ಅಂದೆ, ತಗೊಂಡೆ ಕಣೋ, ಅದು ದಿನಾ ತಪ್ಪಿಸಬಾರದಲ್ಲ ಅಂದಳು, ಈ ಮಾತು ಕಿವಿಗೆ ಬಿತ್ತು, ನನ್ನ ಕಿವಿಗೇ ಬಿತ್ತು, ಆದರೆ ಅದೇ ಹೊತ್ತಿಗೆ ಯಾರೋ ಗುರುಗಳು ಬಹಳ ದಿನಕ್ಕೆ ದರ್ಶನ ಕೊಟ್ಟರು ಅಂತ ಬರೆದಿದ್ದ, ಅದಕ್ಕೆ ಚುರುಕಾಗಿ ಏನಾದರೂ ಬರೆಯಬೇಕಲ್ಲ, ಬರೆಯುತ್ತಿದ್ದೆ. ಟಿಂಗ್, ನೂರಾ ಒಂಬತ್ತು, ಎದುರಿನ ಬೆಂಚಿನ ಮುದುಕ ಇದೇನ್ರೀ ಅನ್ಯಾಯ ಅಂದ, ಪಕ್ಕದವನು ಮುಂಚೇನೇ ಹೆಸರು ಬರೆಸಿದೋರು ಇರಬೇಕು ಬಿಡಿ ಅಂದ, ನಾನೊಬ್ಬನೇ ಆ ಹಾಲಿನಲ್ಲಿ ಸಂಗತಿ ಗೊತ್ತಿದ್ದವನು, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ. ಯಾರು ಕಲಿಸಿದ್ದರು ಅಂದರೆ ಅಕ್ಕ ಕಲಿಸಿದ್ದಳು, ಒಂದಕ್ಷರ ಅರ್ಥವಾಗದೆ ಕಲಿಸಿದ್ದಳು, ಅಮ್ಮ ಹೋದ ಮೇಲೆ ಎರಡೇ ಕೋಣೆಯ ಮನೆಯಲ್ಲಿ, ವಾರಕ್ಕೆ ಅಂತ ಎರವಲು ತಂದ ಪ್ರೋಗ್ರಾಮಿನ ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಓದಿ ಹೇಳುತ್ತಿದ್ದಳು, ಆವರಣ ಶುರು, ಇಷ್ಟು ಜಾಗ ಬಿಡು, ಆವರಣ ಮುಗೀತು, ಚುಕ್ಕಿಯ ಕೆಳಗೆ ಬಾಲ ಇದೆ ನೋಡು, ನಾನು ಟೈಪು ಮಾಡುತ್ತಿದ್ದೆ, ತಪ್ಪಾದರೆ ಮತ್ತೆ ಮೊದಲಿಂದ ಓದುತ್ತಿದ್ದಳು, ಒಂದು ಸಲಕ್ಕೂ ಏಳು ಸಲಕ್ಕೂ ಒಂದೇ ದನಿ, ಏರುತ್ತಿರಲಿಲ್ಲ.

ಚಪ್ಪಾಳೆ ಇನ್ನೂರು ದಾಟಿದ್ದು ನೋಡಿದೆ, ಅಕ್ಕ ಏನೋ ತೊದಲಿದಳು, ನನ್ನ ಹೆಸರಲ್ಲ, ಅಮ್ಮನನ್ನು ಕರೆದಳು, ತಿರುಗಿ ನೋಡಿದರೆ ಹಣೆಯಿಂದ ನೀರು ಇಳಿಯುತ್ತಿದೆ, ಕಣ್ಣು ನನ್ನ ಮೇಲಿದೆ, ನನ್ನನ್ನು ನೋಡುತ್ತಿಲ್ಲ, ಕೈ ಚಾಚಿದೆ, ಫೋನಿದ್ದ ಕೈಯನ್ನೇ ಚಾಚಿದೆ, ಹಿಡಿಯಲಾಗಲಿಲ್ಲ, ಪಕ್ಕಕ್ಕೆ ವಾಲಿದಳು, ಬೆಂಚಿನ ಕಬ್ಬಿಣದ ಕಾಲಿಗೆ ತಲೆ ಬಡಿದ ಸದ್ದು — ಆ ಸದ್ದಿನ ಹತ್ತಿರ ಹೋಗಬಾರದು, ಬೇಡ — ಯಾರೋ ಕಿರುಚಿದರು, ನಾನಿರಬೇಕು, ಎಲ್ಲರಿಗಿಂತ ಮುಂಚೆ ಓಡಿ ಬಂದವಳು ಚೀಟಿ ಕೊಡುವ ಕಿಟಕಿಯ ಹೆಂಗಸು, ದಾರಿಯಲ್ಲಿ ಚಪ್ಪಲಿ ಕಳಚಿಹೋಗಿತ್ತು, ಮಂಡಿಯೂರಿ ಅಕ್ಕನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು, ಸಕ್ಕರೆ ಕಾಯಿಲೆನಾ, ಗುಳಿಗೆ ತಗೊಂಡಿದ್ರಾ, ಎಷ್ಟೊತ್ತಾಯ್ತು, ನಂಬರ್ ಎಷ್ಟು ಅಮ್ಮಂದು, ಅರವತ್ತೆಂಟು ಅಂದೆ, ಅವಳು ಕತ್ತು ತಿರುಗಿಸಿ ಪರದೆ ನೋಡಿದಳು, ನೂರಾ ಹದಿಮೂರು, ಅವಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ತಳ್ಳುಗಾಡಿ ಬಂತು, ತುರ್ತು ಕೋಣೆಯ ಬಾಗಿಲು ತೆರೆಯಿತು, ಅಕ್ಕನ ಒಂದು ಪಾದ ಮಾತ್ರ ಹೊದಿಕೆಯಿಂದ ಹೊರಗಿತ್ತು, ಬಾಗಿಲು ಮುಚ್ಚಿತು, ನೀವು ಹೊರಗೇ ಇರಿ ಅಂದರು.

ಹೊರಗೇ ಇದ್ದೇನೆ, ಎಷ್ಟು ಹೊತ್ತಾಯಿತೋ, ನರ್ಸು ಒಂದು ಸಲ ಬಂದು ಇಳಿದಿದ್ದ ಸಕ್ಕರೆ ಏರಿದೆ, ಆದರೆ ಕಣ್ಣು ಬಿಡ್ತಿಲ್ಲ, ತಲೆಯೊಳಗೆ ರಕ್ತ ಕಟ್ಟಿದೆಯಾ ಅಂತ ನೋಡ್ತಿದ್ದಾರೆ, ಸ್ವಲ್ಪ ಮುಂಚೆ ಗೊತ್ತಾಗಿದ್ದಿದ್ರೆ ಅಂತ ಹೇಳಿ ಹೋದಳು, ಕಿಟಕಿಯ ಹೆಂಗಸು ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಿದ್ದಾಳೆ, ಸೂಚನೆ ಬಂದಾಗಲೆಲ್ಲ ಫೋನು ಜೇಬಿನಲ್ಲಿ ಗುಯ್ಯ್ ಅನ್ನುತ್ತಿದೆ, ಅವಳು ಅಳುತ್ತಿದ್ದಾಳೆ, ತಪ್ಪು ನಂದೇ ಸಾರ್, ಆ ನಂಬರಿಂದು ನಾನೇ ಮಾಡಿದ್ದು. ನೀವಾ. ನಾನೇ, ಹಳೇ ಯಂತ್ರ ಕೆಟ್ಟುಹೋಯ್ತು, ಜನ ಬಾಗಿಲ ಹತ್ರ ತಳ್ಳಾಡೋರು, ಒಬ್ಬ ಗರ್ಭಿಣಿ ಬಿದ್ದುಬಿಟ್ಲು, ಹೊಸದು ತರಿಸಿ ಅಂತ ಕೇಳಿ ಕೇಳಿ ಸಾಕಾಯ್ತು, ಒಂದು ಪುಸ್ತಕ ಇಟ್ಕೊಂಡು ಊಟದ ಬಿಡುವಲ್ಲಿ ನಾನೇ ಪ್ರೋಗ್ರಾಂ ಬರೆಯೋದು ಕಲಿತೆ, ಎಲ್ಲಾ ಸರಿಹೋಯ್ತು, ಇದೊಂದು ಬಿಟ್ಟು, ಒಂಬತ್ತಕ್ಕಿಂತ ಮುಂಚೆ ಹತ್ತು ಬರೋದು. ಕಂಪ್ಯೂಟರ್ ಗೊತ್ತಿರೋರ ಒಂದು ಜಾಗ ಇದೆಯಲ್ಲ ಸಾರ್, ಹೋದ ವರ್ಷ ಅಲ್ಲಿ ಕೇಳಿದೆ, ನಮಸ್ಕಾರ, ನಾನು ಆಸ್ಪತ್ರೆಯಲ್ಲಿ ಚೀಟಿ ಕೊಡೋ ಕೆಲಸದವಳು, ಕಾಯಿಲೆಯವರಿಗೆ ತೊಂದರೆ ಆಗ್ತಿದೆ, ದಯವಿಟ್ಟು ಅಂತೆಲ್ಲ ಬರೆದಿದ್ದೆ, ಐದು ನಿಮಿಷಕ್ಕೆ ಅದನ್ನೆಲ್ಲ ಯಾರೋ ಕತ್ತರಿಸಿ ಹಾಕಿದ್ರು, ಎರಡೇ ಸಾಲು ಉಳೀತು, ಇರ್ಲಿ ಅಂತ ಕಾದೆ, ಆಮೇಲೆ ಉತ್ತರ ಅಂತ ಇರೋ ಕಡೆ ಸೊನ್ನೆ ಹೋಗಿ ಒಂದು ಬಂತು ಸಾರ್, ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಅದನ್ನ ಓದೋಕೂ ಮುಂಚೆ ಕುರ್ಚಿ ತಿರುಗಿಸಿ ಆ ಕಡೆ ಮೇಜಿನವಳನ್ನ ಕೈ ಬೀಸಿ ಕರೆದೆ, ಬಾರೇ, ಬೇಗ ಬಾ, ಯಾರೋ ಉತ್ತರ ಕೊಟ್ಟಿದ್ದಾರೆ, ಇಬ್ಬರೂ ಒಟ್ಟಿಗೇ ಓದಿದ್ವಿ. ಏನಿತ್ತು ಅಂತ ನಾನು ಕೇಳಲಿಲ್ಲ, ಕೇಳದಿದ್ದರೂ ಹೇಳಿದಳು, ಅಕ್ಷರ ತಪ್ಪದೆ ಹೇಳಿದಳು, ಬಾಯಿಪಾಠವಾಗಿತ್ತು, ಮರಿ ಅಂತ ಬೇರೆ, ನನಗೆ ನಲವತ್ತಾರು ಸಾರ್, ಅವಳೆದುರಿಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು, ಅಳಿಸಿ ಹಾಕಿದೆ, ಮತ್ತೆ ಯಾರನ್ನೂ ಕೇಳಲಿಲ್ಲ, ನನಗೆ ತಿಳಿದ ಹಾಗೆ ಹತ್ತರಿಂದ ಚೀಟಿ ಶುರು ಮಾಡಿದೆ, ಎಲ್ಲವೂ ಎರಡಂಕಿ ಆದ್ರೆ ಸರಿ ಬರ್ತಿತ್ತು, ದಿನಕ್ಕೆ ಎಂಬತ್ತು ಜನ ದಾಟಿದ್ದೇ ಇಲ್ಲ, ಇವತ್ತು ಮೂರು ದಿನ ರಜೆ ಮುಗಿದು ಒಟ್ಟಿಗೇ ಬಂದ್ಬಿಟ್ರು, ಪರದೆ ನನ್ನ ಬೆನ್ನ ಹಿಂದೆ ಇದೆ, ನನಗೆ ಕಾಣಲ್ಲ ಸಾರ್, ಕಂಡೋರು ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ.

ಕತ್ತರಿಸಿದ್ದು ನಾನೋ ಬೇರೆಯವರೋ, ಅಂಟಿಸಿದ್ದು ಯಾರೋ, ಗೊತ್ತಿಲ್ಲ, ನಾನಲ್ಲದೆಯೂ ಇರಬಹುದು, ಇರಬಹುದು ಅಂತ ಹಿಡಿದುಕೊಳ್ಳಲು ನೋಡುತ್ತೇನೆ, ಕೈಗೆ ಸಿಗುವುದಿಲ್ಲ, ಮಾತು ನನ್ನದು, ಅದು ಎಷ್ಟು ಮನೆ ಹೊಕ್ಕಿದೆಯೋ ಅಷ್ಟು ಮನೆಗೂ ಹೋದವನು ನಾನೇ. ಅದನ್ನು ಅಂಕಿ ಅಂತ ಮಾಡಿ ಅಂದೆ, ನನ್ನ ದನಿ ಯಾರದೋ ದನಿಯ ಹಾಗಿತ್ತು, ನೀವು ಪದ ಅಂತ ಇಟ್ಟಿದ್ದೀರಿ, ಸಾಲು ಹಚ್ಚೋಕೆ ಮುಂಚೆ ಅಂಕಿ ಅಂತ ಬದಲಾಯಿಸಿ, ಒಂದು ಪದ ಸೇರಿಸಿದರೆ ಆಯ್ತು. ಅವಳು ಕಣ್ಣೊರೆಸಿಕೊಂಡು ನೋಡಿದಳು, ಅಷ್ಟೇನಾ. ಅಷ್ಟೇ. ಒಂದೇ ಪದಾನಾ ಸಾರ್. ಒಂದೇ. ಎದ್ದು ಓಡಿದಳು, ಇಲ್ಲಿಂದ ಕಾಣುತ್ತದೆ, ಕಿಟಕಿಯೊಳಗೆ ಬಗ್ಗಿ ಟೈಪು ಮಾಡುತ್ತಿದ್ದಾಳೆ, ಟಿಂಗ್, ಅರವತ್ತೆಂಟು, ಹಾಲಿನಲ್ಲಿ ಯಾರೂ ಏಳಲಿಲ್ಲ, ಅರವತ್ತೆಂಟು, ಅರವತ್ತೆಂಟು, ಮೂರು ಸಲ ಕರೆದು ಯಂತ್ರ ಅರವತ್ತೊಂಬತ್ತಕ್ಕೆ ಹೋಯಿತು, ಅನ್ಯಾಯ ಅಂದ ಮುದುಕ ಎದ್ದು ಹೋದ. ವಾಪಸು ಬಂದು ಕೈಮುಗಿದಳು, ದೊಡ್ಡ ಉಪಕಾರ ಆಯ್ತು, ಅಮ್ಮ ಒಳಗೆ ಹೀಗಿರೋವಾಗಲೂ ನನಗೆ ಇಷ್ಟು ಸಮಾಧಾನವಾಗಿ ಹೇಳಿಕೊಟ್ರಿ, ಆವತ್ತು ಅಲ್ಲಿ ನಿಮ್ಮಂಥೋರು ಒಬ್ರು ಇದ್ದಿದ್ರೆ ಸಾರ್. ಈಗ ಹೇಳು, ಈಗಲಾದರೂ ಹೇಳು, ಆ ಮಾತು ನಂದು ಅಂತ, ಕಾಲ ಮೇಲೆ ಕಾಲು ಹಾಕಿಕೊಂಡು ಪರದೆ ನೋಡುತ್ತ ಕೂತಿದ್ದೆ ಅಂತ, ಪರವಾಗಿಲ್ಲ ಅಂದೆ, ಪರವಾಗಿಲ್ಲ ಅಂತ ಅಂದುಬಿಟ್ಟೆ, ಜೇಬಿನಲ್ಲಿ ಮತ್ತೆ ಗುಯ್ಯ್, ತೆಗೆದು ಆ ಫೋಟೊ ಅಳಿಸಬೇಕು, ತೆಗೆದರೆ ಅವಳಿಗೆ ಕಾಣುತ್ತದೆ, ಕೋಣೆಯ ಬಾಗಿಲು ತೆರೆಯಿತು, ವೈದ್ಯರು, ಮುಖಗವುಸು ಕೆಳಗೆ ಎಳೆದುಕೊಳ್ಳುತ್ತಿದ್ದಾರೆ, ನನ್ನ ಕಡೆಗೇ ಬರುತ್ತಿದ್ದಾರೆ, ನಿಧಾನವಾಗಿ ಬರುತ್ತಿದ್ದಾರೆ, ಅಷ್ಟು ನಿಧಾನವಾಗಿ ಯಾಕೆ, ಅವಳು ನನ್ನ ತೋಳು ಹಿಡಿದುಕೊಂಡಳು, ಹಿಡಿದದ್ದು ಆ ಕೈ, ಬೀಸಿ ಕರೆದ ಕೈ, ಅವರ ತುಟಿ ಅಲುಗುತ್ತಿದೆ, ಏನು ಹೇಳುತ್ತಿದ್ದಾರೆ, ಕೇಳಿಸುವುದಿಲ್ಲ, ಕಾಣುವುದು ಇಷ್ಟೇ, ಊಟದ ಬಿಡುವು, ಮೇಜಿನ ಮೇಲೆ ತೆರೆದಿಟ್ಟ ಪುಸ್ತಕ, ಸೊನ್ನೆ ಹೋಗಿ ಒಂದು ಬಂದಿದೆ, ಇನ್ನೂ ಓದಿಲ್ಲ, ಕುರ್ಚಿ ತಿರುಗಿಸಿದ್ದಾಳೆ, ಮುಖ ತುಂಬ ನಗು, ಬಾರೇ, ಬೇಗ ಬಾ, ಯಾರೋ ಉತ್ತರ ಕೊಟ್ಟಿದ್ದಾರೆ