ಬಾಗಿದ ತಿರುಪು

ಮೂವತ್ತೆಂಟು ವರ್ಷ ಲೋಹ ಕಡೆಯುವ ಲೇತ್ ಮುಂದೆ ನಿಂತು ದುಡಿದ ಟರ್ನರ್ ರಾಮಾಂಜಿನಪ್ಪ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳ ತುದಿಯಲ್ಲೇ ಹೇಳಿಬಿಡುತ್ತಿದ್ದ ಆ ಕೈಗಳಿಗೆ ಎರಡು ವರ್ಷದಿಂದ ನಡುಕದ ಕಾಯಿಲೆ.

ಮಗಳು ಯಶಶ್ರೀ ಸರ್ಕಾರಿ ಶಾಲೆಯ ಟೀಚರ್. ಕಣ್ಣು ಕಾಣದ ಮಕ್ಕಳು ಬೆರಳಾಡಿಸಿ ಅಕ್ಷರ ಕಲಿಯಲೆಂದು, ಮರದ ಹಲಗೆಯಲ್ಲಿ ಅಕ್ಷರ ಕೊರೆಯುವ ಸಿಎನ್‌ಸಿ ಯಂತ್ರವೊಂದನ್ನು ಚಾಮರಾಜಪೇಟೆಯ ಮನೆಯ ಹಜಾರದಲ್ಲೇ ಕೈಯಾರೆ ಕಟ್ಟಿದ್ದಳು. ಕಂಪ್ಯೂಟರಿನಲ್ಲಿ ಅಕ್ಷರ ಬಿಡಿಸಿಕೊಟ್ಟರೆ ಸಾಕು, ಮೋಟಾರು ಲೀಡ್ ಸ್ಕ್ರೂ ಎಂಬ ಉದ್ದನೆಯ ತಿರುಪನ್ನು ತಿರುಗಿಸುತ್ತಿತ್ತು. ಅದರ ಜೊತೆ ಕಟರ್ ಆ ಕಡೆ ಈ ಕಡೆ ಸರಿದು ಮರ ಕೊರೆಯುತ್ತಿತ್ತು.

ಶುಕ್ರವಾರ ಅವಳು ಶಾಲೆಗೆ ಹೋದಾಗ ರಾಮಾಂಜಿನಪ್ಪ ಯಂತ್ರದ ಅಡಿಯ ಧೂಳು ಒರೆಸಲು ಹೋದರು. ಒಂದು ಬದಿ ಎತ್ತಿದ್ದೇ ತಡ, ಕೈ ನಡುಗಿತು. ಯಂತ್ರ ಮೇಜಿನಿಂದ ಜಾರಿ ದಡಾರನೆ ಬಿತ್ತು. ಬೀದಿ ಮೂಲೆಯಲ್ಲಿ ಇಸ್ತ್ರಿ ಮಾಡುವ ಶೀನಣ್ಣ ಸದ್ದು ಕೇಳಿ ಓಡಿಬಂದು ಎತ್ತಿಟ್ಟುಕೊಟ್ಟ.

"ಮಗಳಿಗೆ ಹೇಳ್ಬಿಡಿ ಯಜಮಾನ್ರೇ," ಎಂದ.

"ಹೇಳ್ತೀನಿ, ಹೇಳ್ತೀನಿ," ಎಂದರು. ಹೇಳಲಿಲ್ಲ. ಒಂದು ಲೋಟ ನೀರು ನೆಟ್ಟಗೆ ಹಿಡಿಯಲಾಗದವನು ಅವಳ ಯಂತ್ರ ಮುಟ್ಟಿದ್ದಾದರೂ ಯಾಕೆ ಎಂದು ಅವರಿಗೇ ನಾಚಿಕೆ.

ಭಾನುವಾರ ಬೆಳಿಗ್ಗೆ ಯಶಶ್ರೀ 'ಅ' ಕೊರೆದಳು. ಗೀರೆಲ್ಲ ಅಲೆಅಲೆಯಾಗಿ ಬಂತು. ರಾಮಾಂಜಿನಪ್ಪ ಬಗ್ಗಿ ನೋಡಿದರು. ಪೆನ್ಷನ್ ಕಾಗದಕ್ಕೆ ತಾವು ಈಚೆಗೆ ಹಾಕುವ ಸಹಿಯೇ ಮರದ ಮೇಲೆ ಮೂಡಿದಂತಿತ್ತು.

ಅವಳು ನಟ್ಟು ಬೋಲ್ಟುಗಳನ್ನೆಲ್ಲ ಬಿಚ್ಚಿ ಬಿಗಿದಳು. ಮತ್ತೆ ಅಲೆ. ಹನ್ನೊಂದು ಗಂಟೆಯಾದರೂ ತಿಂಡಿ ಮುಟ್ಟಲಿಲ್ಲ. ಕೊನೆಗೆ ಸ್ಪ್ಯಾನರ್ ಕೆಳಗಿಟ್ಟು, "ನಾನೇ ಎಲ್ಲೋ ತಪ್ಪು ಕಟ್ಟಿದೀನಪ್ಪ. ನಂಗೆ ಇದೆಲ್ಲ ಬರಲ್ಲ," ಎಂದಳು.

ಆ ಮಾತನ್ನು ರಾಮಾಂಜಿನಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.

"ನೀನು ಸರಿಯಾಗೇ ಕಟ್ಟಿದ್ದೆ ಕಣಮ್ಮ. ಮೊನ್ನೆ ನಾನು ಬೀಳಿಸ್ಬಿಟ್ಟೆ. ಸ್ಕ್ರೂ ಬಾಗಿರ್ಬೇಕು."

ಯಶಶ್ರೀ ಯಂತ್ರದ ಕಡೆ ನೋಡಲೇ ಇಲ್ಲ. "ಅದಕ್ಕೇ ಎರಡು ದಿನದಿಂದ ಮನೇಲೂ ಸಾಕ್ಸ್ ಹಾಕ್ಕೊಂಡಿದೀರಾ? ಕಾಲ್ ತೋರ್ಸಿ," ಎಂದು ನೆಲಕ್ಕೆ ಕೂತಳು. ಹೆಬ್ಬೆರಳು ನೇರಳೆ ಹಣ್ಣಿನಂತೆ ಕಪ್ಪಾಗಿತ್ತು. ಅವಳು ಐಸ್ ಸುತ್ತಿದ ಬಟ್ಟೆ ತಂದು ಒತ್ತಿ ಹಿಡಿದಳು.

"ಸ್ಕ್ರೂ ಬಿಚ್ಕೊಂಡು ಬಾ. ಅಡುಗೆಮನೆ ಗ್ರಾನೈಟ್ ಕಟ್ಟೆ ಮೇಲೆ ಉರುಳ್ಸಿ ನೋಡೋಣ," ಎಂದರು ಅಪ್ಪ.

ಕಟ್ಟೆಯ ಮೇಲೆ ಉರುಳಿಸಿದಾಗ ತಿರುಪು ಕುಂಟುತ್ತ ಹೋಯಿತು. ರಾಮಾಂಜಿನಪ್ಪ ಕಣ್ಣನ್ನು ಕಟ್ಟೆಯ ಮಟ್ಟಕ್ಕೆ ತಂದು, ಅಡಿಯಲ್ಲಿ ತೂರಿಬಂದ ಬೆಳಕಿನ ಗೆರೆಯನ್ನು ಹುಡುಕಿದರು. "ಇಲ್ಲಿ. ಗುರುತು ಹಾಕು." ಅವಳು ಚಾಕ್‌ಪೀಸಿನಿಂದ ಗುರುತು ಹಾಕಿದಳು. ಎರಡು ತುದಿಗೂ ಮರದ ತುಂಡು ಕೊಟ್ಟು, ಉಬ್ಬು ಮೇಲಾಗಿಟ್ಟು ಸುತ್ತಿಗೆ ಎತ್ತಿಕೊಂಡಳು.

"ಹೊಡೀಬೇಡ, ಒತ್ತು. ನೆಟ್ಟಗಾಗೋ ಜಾಗಕ್ಕಿಂತ ಒಂಚೂರು ಮುಂದಕ್ಕೇ ಒತ್ತು. ಬಿಟ್ಟ ಮೇಲೆ ಅದು ಹಿಂದಕ್ಕೆ ಬರತ್ತೆ."

ಒತ್ತಿದರು, ಉರುಳಿಸಿದರು, ಮತ್ತೆ ಒತ್ತಿದರು. ಆರನೆಯ ಸಲಕ್ಕೆ ಬೆಳಕಿನ ಗೆರೆ ದಾರದಷ್ಟು ಸಣ್ಣದಾಯಿತು. ಅದಕ್ಕಿಂತ ಕಡಿಮೆಯಾಗಲಿಲ್ಲ.

"ಇನ್ನೂ ಒಂಚೂರು ಇದ್ಯಲ್ಲಪ್ಪ?"

"ಇರ್ಲಿ ಬಿಡು. ನೀನು ಎರಡು ಕಡೇನೂ ಬಿಗಿ ಹಿಡ್ದಿದೀಯ. ಮೋಟಾರಿನ ಕಡೆ ಮಾತ್ರ ಹಿಡ್ಕೊ, ಆ ತುದೀನ ಹಿಡ್ದಿರೋ ಬೇರಿಂಗ್ ತೆಗ್ದುಬಿಡು. ಸ್ಕ್ರೂ ತನ್ನ ಪಾಡಿಗೆ ತಾನು ಅಲ್ಲಾಡ್ಕೊಳ್ಳಲಿ, ಕಟರ್‌ನ ಎಳೆಯಲ್ಲ."

ಅವಳು ಹಾಗೆಯೇ ಮಾಡಿದಳು. ಮೋಟಾರು ಗುಂಯ್‌ಗುಟ್ಟಿತು. ತಿರುಪಿನ ತುದಿ ಸಣ್ಣಗೆ ಸುತ್ತು ಹಾಕುತ್ತಿತ್ತು, ಕಟರ್ ಮಾತ್ರ ಸಲೀಸಾಗಿ ಸರಿಯಿತು. ಈ ಸಲದ 'ಅ' ಬೆಣ್ಣೆಯಲ್ಲಿ ಬೆರಳಿಂದ ಬರೆದಷ್ಟು ನುಣುಪು. ಯಶಶ್ರೀ ಕಣ್ಣು ಮುಚ್ಚಿ ಗೀರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅಪ್ಪನ ಬೆರಳನ್ನು ಹಿಡಿದು ಅದೇ ದಾರಿಯಲ್ಲಿ ನಡೆಸಿದಳು.

"ಒಂದು ಕಡೆ ಸಿಬರು ನಿಂತಿದೆ," ಎಂದರು ಅವರು.

"ಹಾಗಾದ್ರೆ ನೀವೇ ತೆಗೀರಿ," ಎಂದು ಅವಳು ಸ್ಯಾಂಡ್‌ಪೇಪರ್ ಹರಿದು ಕೈಗಿತ್ತಳು. ಅವರು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಹಲಗೆಯನ್ನು ತೊಡೆಯ ಮೇಲಿಟ್ಟು ಉಜ್ಜತೊಡಗಿದರು. ಆ ಕೆಲಸಕ್ಕೆ ಕೈ ನಡುಗಿದರೆ ನಷ್ಟವೇನಿಲ್ಲ. ಯಶಶ್ರೀ ಒಲೆಯ ಮೇಲೆ ದೋಸೆ ಕಾವಲಿ ಇಟ್ಟು, "ಮುಂದಿಂದು 'ಆ'. ಇವತ್ತೇ ಮುಗಿಸ್ಬಿಡೋಣ," ಎಂದು ಒಳಗಿನಿಂದಲೇ ಕೂಗಿದಳು.