ಗುಬ್ಬಿಯ ಗಂಟಲು

"ಅಕ್ಕಾ, ಕೈ ಬಿಡೇ, ನಾನೇ ಬರ್ತೀನಿ," ಎಂದು ಗುಬ್ಬಿ ಹೇಳಿದ್ದು ಆ ಗಲಾಟೆಯಲ್ಲಿ ಅಕ್ಕನಿಗೆ ಕೇಳಿಸಲೇ ಇಲ್ಲ. ವಿಶ್ವವಿದ್ಯಾಲಯದ ಮೈದಾನದ ತುಂಬ ಮೇಜುಗಳು, ಒಂದೊಂದು ಮೇಜಿಗೆ ಒಂದೊಂದು ಸಂಘ. ನಾಟಕದವರು ಅಂಟುಮೀಸೆಯಲ್ಲೇ ಬಂದಿದ್ದರು. ನಕ್ಷತ್ರ ನೋಡುವ ಸಂಘದವರು ಹಾಡಹಗಲಲ್ಲಿ ದುರ್ಬೀನು ಹೂಡಿ ಕೂತಿದ್ದರು. ಹೊಸ ಹುಡುಗಿ ಎಂದು ಗೊತ್ತಾಗಿದ್ದೇ ತಡ, ಎಲ್ಲರೂ ಕರೆಯುವವರೇ. ಗುಬ್ಬಿಗೆ ಖುಷಿಯಲ್ಲಿ ತಲೆ ತಿರುಗುವಂತಾಗಿತ್ತು.

ಅಕ್ಕ ಮಾತ್ರ ನೇರ ಚೆಸ್ ಸಂಘದ ಕಡೆ ನಡೆದಿದ್ದಳು. ಅವಳು ಅಲ್ಲಿ ಹಳಬಳು. "ನಿನಗೆ ಹೇಳಿ ಮಾಡಿಸಿದ ಜಾಗ ಕಣೇ. ಯಾರೂ ಮಾತೇ ಆಡಲ್ಲ. ಥೇಟ್ ನಮ್ಮನೆ ಥರ."

ಅವರ ಮನೆ ಹಾಗೇ ಇತ್ತು. ಅಪ್ಪ ಬೇಕರಿಯಲ್ಲಿ ರಾತ್ರಿಯಿಡೀ ಬ್ರೆಡ್ಡು ಬೇಯಿಸಿ ಬೆಳಗ್ಗೆ ಬಂದು ಮಲಗಿದರೆ ಏಳುತ್ತಿದ್ದುದು ಸಂಜೆಗೆ. ಹಗಲು ಪೂರ್ತಿ ಪಿಸುಮಾತು. ಲೋಟ ಇಡಲು ಮೇಜಿನ ಮೇಲೆ ದಪ್ಪ ಬಟ್ಟೆ, ಬಾಗಿಲ ಕೀಲುಗಳಿಗೆ ಎಣ್ಣೆ, ಫೋನು ದಿಂಬಿನಡಿಗೆ. ಅಕ್ಕ ತಂಗಿ ಜಡೆ ಹಿಡಿದು ಕಿತ್ತಾಡಿದ್ದೂ ಪಿಸುದನಿಯಲ್ಲೇ. "ಶ್, ಅಪ್ಪ ಎದ್ದುಬಿಡ್ತಾರೆ," ಎಂದು ಅಮ್ಮ ದಿನಕ್ಕೆಷ್ಟು ಸಲ ಹೇಳುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ.

"ಏಯ್ ಪುಟ್ಟೀ, ನಿಲ್ಲು ನಿಲ್ಲು!"

ಕೂಗಿದವಳು ದೋಣಿ ಸಂಘದ ಕ್ಯಾಪ್ಟನ್. ಇಷ್ಟೆತ್ತರದ ಹುಡುಗಿ, ಬೋರಲು ಹಾಕಿದ ದೋಣಿಯೊಂದರ ಮೇಲೆ ಕೂತಿದ್ದಳು. ಗುಬ್ಬಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, "ತೂಕ ಎಷ್ಟೇ?" ಎಂದಳು.

"ನಲವತ್ತೆರಡು ಕೆಜಿ."

"ಅಯ್ಯೋ, ನನ್ನ ಬಂಗಾರ!"

ಈ ತೂಕ ಕೇಳಿ ಊಟ ಮಾಡಲ್ವಾ ಎಂದವರೇ ಎಲ್ಲ. ಹಿಗ್ಗಿದವಳು ಇವಳೊಬ್ಬಳೇ.

"ನೋಡು, ಹುಟ್ಟು ಹಾಕೋ ನಾವು ನಾಲ್ಕು ಜನಾನೂ ಹೋಗೋ ದಾರಿಗೆ ಬೆನ್ನು ಹಾಕಿ ಕೂತಿರ್ತೀವಿ. ಮುಂದೆ ಏನಿದೆ ಅಂತ ಕಾಣಲ್ಲ. ನಮ್ಮೆದುರಿಗೆ ಕೂತು, ಚುಕ್ಕಾಣಿ ಹಗ್ಗ ಹಿಡಿದು, ಕೂಗಿ ಹೇಳೋಕೆ ಒಬ್ಬಳು ಬೇಕು. ಹಗುರ ಇರಬೇಕು, ಗಂಟಲಿರಬೇಕು. ಇಬ್ಬರನ್ನ ನೋಡಿ ಆಯ್ತು, ಯಾಕೋ ಸರಿಹೋಗ್ಲಿಲ್ಲ. ಗಂಟಲಿದೆ ತಾನೇ?"

"ಇದೆ," ಎಂದಳು ಗುಬ್ಬಿ. ಇದ್ದದ್ದು ನಿಜ, ಬಳಸಿ ನೋಡಿರಲಿಲ್ಲ ಅಷ್ಟೆ.

ಅಕ್ಕ ಅವಳನ್ನು ಪಕ್ಕಕ್ಕೆಳೆದಳು. "ಹುಚ್ಚು ಹಿಡೀತಾ? ಎರಡೂ ಸಂಜೆ ಒಂದೇ ಹೊತ್ತಿಗೆ. ಚೆಸ್ಸಲ್ಲಿ ನಿನಗೆ ಅಂತ ಜಾಗ ಹಿಡಿದಿದ್ದೀನಿ. ನೀನು ಕೂಗ್ತೀಯಾ? ನೀನು?"

ಆ ಎರಡನೆಯ 'ನೀನು' ಗುಬ್ಬಿಗೆ ಚುರ್ರೆಂದಿತು. "ನೋಡ್ತಾ ಇರು," ಎಂದಳು. ಅದನ್ನೂ ಪಿಸುಗುಟ್ಟಿದಳು.

ಮಧ್ಯಾಹ್ನ, ಒಂದು ಸಲ ನೋಡೋಣ ಎಂದು ಹೊಳೆಗೆ ಇಳಿಸಿದ ದೋಣಿಯ ಹಿಂದುಗಡೆ, ಕ್ಯಾಪ್ಟನ್ನಿನ ಮುಖಕ್ಕೆ ಮುಖ ಕೊಟ್ಟು ಕೂತು ಗುಬ್ಬಿ ಚುಕ್ಕಾಣಿ ಹಗ್ಗ ಹಿಡಿದಳು. ನಾಲ್ಕು ಹುಟ್ಟುಗಳು ಒಟ್ಟಿಗೆ ನೀರಿಗಿಳಿದವು. ದೋಣಿ ಇಷ್ಟು ವೇಗವಾಗಿ ಹೋಗುತ್ತದೆಂದು ಅವಳು ಎಣಿಸಿರಲಿಲ್ಲ. ಗಾಳಿ, ನೀರ ಹನಿ, ಎರಡೂ ದಡ ಹಿಂದಕ್ಕೆ ಓಡುತ್ತಿದ್ದವು. ಜನ್ಮವಿಡೀ ಇಲ್ಲೇ ಕೂತಿರಬೇಕು ಅನ್ನಿಸಿತು. ಅಷ್ಟರಲ್ಲಿ ಸೇತುವೆ ಬಂತು. ದೋಣಿ ನೇರ ಅದರ ಕಂಬದ ಕಡೆಗೇ ಹೊರಟಿತ್ತು.

ಗುಬ್ಬಿ ಮುಂದಕ್ಕೆ ಬಾಗಿ, ಮನೆಯಲ್ಲಿ ಹಾಲು ಉಕ್ಕುತ್ತಿದೆ ಎಂದು ಹೇಳುವ ಹಾಗೆ, ಮೆಲ್ಲಗೆ ಹೇಳಿದಳು: "ಕ್ಯಾಪ್ಟನ್, ಮುಂದೆ ಕಂಬ ಇದೆ."

"ಆಂ?" ಎಂದಳು ಕ್ಯಾಪ್ಟನ್, ಹುಟ್ಟು ಎಳೆಯುತ್ತಲೇ.

"ಕಂಬ..."

"ಏನೇ ಅದು?"

ಕಂಬದ ಪಾಚಿ ಕಾಣುವಷ್ಟು ಹತ್ತಿರ ಬಂದಿತ್ತು. ಆಗ ಗುಬ್ಬಿಯ ಹೊಟ್ಟೆಯ ತಳದಿಂದ ಏನೋ ಎದ್ದು ಬಂತು. "ನಿಲ್ಸೀ! ಎಲ್ರೂ ನಿಲ್ಸೀ!"

ಆ ದನಿ ಸೇತುವೆಯ ಕಮಾನಿಗೆ ಬಡಿದು ವಾಪಸ್ಸು ಬಂತು. ಹುಟ್ಟುಗಳು ನಿಂತವು. ಗುಬ್ಬಿ ಹಗ್ಗ ಜಗ್ಗಿದಳು. ದೋಣಿ ಕಂಬವನ್ನು ಗೇಣಿನಷ್ಟು ಅಂತರದಲ್ಲಿ ದಾಟಿ ಬಿಸಿಲಿಗೆ ಬಂತು. ಹುಡುಗಿಯರು ಬಾಯಿ ಬಿಟ್ಟು ಅವಳನ್ನೇ ನೋಡುತ್ತಿದ್ದರು. ತನ್ನೊಳಗೆ ಇಷ್ಟು ದೊಡ್ಡದೊಂದು ಇತ್ತೇ ಎಂದು ಗುಬ್ಬಿಗೇ ನಂಬಿಕೆಯಾಗಲಿಲ್ಲ. ನಗು ತಡೆಯಲಾಗಲಿಲ್ಲ. "ಏನು ನೋಡ್ತೀರಾ? ಎಳೀರೀ!" ಎಂದು ಕೂಗಿದಳು. ಆಮೇಲೆ ಬೇಕಿದ್ದಕ್ಕೂ ಬೇಡದ್ದಕ್ಕೂ ಕೂಗಿದಳು. ದಡದ ಬಾತುಕೋಳಿಗಳು ಎದ್ದು ಹೋದವು.

ದಡ ಸೇರಿದಾಗ ಕ್ಯಾಪ್ಟನ್ ಅವಳ ಬೆನ್ನಿಗೊಂದು ಗುದ್ದು ಕೊಟ್ಟಳು. "ಮೊದಲು ಅದೇನೇ, ಗುಟ್ಟು ಹೇಳ್ತಿದ್ಯಾ? ನಾಳೆ ಸಂಜೆ ಬಾ. ಗಂಟಲು ಜೋಪಾನ, ಇನ್ನು ಅದು ನಮ್ದು."

ಅಕ್ಕ ಸೇತುವೆಯಿಂದ ಓಡೋಡಿ ಬಂದಿದ್ದಳು. ಬಯ್ಯಲು ಬಂದವಳು ಬಯ್ಯಲಿಲ್ಲ. "ಮೇಲೆ ನಿಂತು ಯಾರದಪ್ಪಾ ಈ ದನಿ ಅಂತ ನೋಡ್ತಿದ್ದೆ," ಎಂದಳು. "ಒಂದೇ ಕೋಣೇಲಿ ಮಲಗ್ತೀವಿ. ನಿನ್ನ ದನಿ ಹೀಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ." ಚೆಸ್ಸಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಅಪ್ಪ ಎದ್ದು, ಕೆಲಸಕ್ಕೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದರು. ಗುಬ್ಬಿ ಓಡಿ ಹೋಗಿ ಅವರ ಮುಂದೆ ನಿಂತು ಬಾಯಿ ತೆರೆದಳು. ಬರೀ ಗಾಳಿ ಬಂತು. ಮತ್ತೊಮ್ಮೆ ಪ್ರಯತ್ನಿಸಿದಳು. ಗಂಟಲು ಪೂರ್ತಿ ಕಟ್ಟಿಹೋಗಿತ್ತು.

"ಶ್..." ಎಂದು ಅಮ್ಮ ಅಭ್ಯಾಸಬಲದಿಂದ ಶುರುಮಾಡಿ, ಅಪ್ಪ ಎದ್ದಿರುವುದು ನೆನಪಾಗಿ ಸುಮ್ಮನಾದಳು.

ಅಪ್ಪ ಮಗಳ ಕೆಂಪೇರಿದ ಮುಖವನ್ನೂ ಒದ್ದೆ ತೋಳನ್ನೂ ನೋಡಿದರು. "ಏನು ಗುಬ್ಬಿ?" ಎಂದರು. "ಕೇಳಿಸ್ತಿಲ್ಲ ಮರೀ. ಸ್ವಲ್ಪ ಜೋರಾಗಿ ಹೇಳು."

ಅಕ್ಕ ಬಿಸಿನೀರು ತರಲು ಒಳಗೆ ಓಡಿದಳು. ಅಪ್ಪ ಒಂದು ಕಾಲಿಗೆ ಶೂ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಕಾಯುತ್ತಾ ಕೂತರು.