ಎದುರು ನಿಲ್ಲುವ ಶಾಸ್ತ್ರ

ರಜೆಯ ದಿನ ಮಧ್ಯಾಹ್ನ ಆ ಮನೆಗೆ ಹೊಸಬರು ಯಾರಾದರೂ ಬಂದಿದ್ದರೆ, ಒಳಗೆ ಕೊಲೆಯೇ ನಡೆಯುತ್ತಿದೆ ಎಂದುಕೊಂಡು ಬಾಗಿಲಿನಿಂದಲೇ ಓಡಿಹೋಗುತ್ತಿದ್ದರು. "ಹೊಡಿ, ಹೊಡಿ! ಬಿಡಬೇಡ ಅವನ್ನ!" ಎಂದು ತಾತನ ಕೂಗು, "ಅಯ್ಯೋ, ಸತ್ತೆ!" ಎಂದು ಚಿಕ್ಕಪ್ಪನ ಗೋಳು, ಇಬ್ಬರ ನಡುವೆ ಗುಬ್ಬಿಯ ಕಿಲಕಿಲ ನಗು. ಗುಬ್ಬಿಗೆ ಹನ್ನೆರಡು ತುಂಬಲು ಇನ್ನು ಹದಿನೈದೇ ದಿನ. ನಡೆಯುತ್ತಿದ್ದದ್ದು ಟಿವಿಯ ಪರದೆಯ ಮೇಲೆ, ಹೆಬ್ಬೆರಳಿನಷ್ಟಿದ್ದ ನಾಲ್ಕು ಆಟಿಕೆ ಕಾರುಗಳ ಯುದ್ಧ.

ಆಟ ಬಲು ಮಜವಾಗಿತ್ತು, ಸುಳ್ಳೇಕೆ ಹೇಳಬೇಕು? ಕಾರುಗಳು ಓಡುವ ದಾರಿ ಒಂದು ಊಟದ ಮೇಜು. ಬ್ರೆಡ್ಡಿನ ತುಂಡು ಬೆಟ್ಟ, ಚಮಚ ಸೇತುವೆ, ಚೆಲ್ಲಿದ ಜೇನುತುಪ್ಪಕ್ಕೆ ಸಿಕ್ಕಿದರೆ ಚಕ್ರ ಅಂಟಿಕೊಂಡು ಒದ್ದಾಟ. ಅಂಚು ತಪ್ಪಿದರೆ ನೇರ ಪಾತಾಳ. ದಾರಿಯಲ್ಲಿ ಸಿಕ್ಕ ಬಟಾಣಿ ಕಾಳನ್ನು ತುಂಬಿಕೊಂಡು ಮುಂದಿನವನ ಬೆನ್ನಿಗೆ ಹಾರಿಸಬಹುದು, ಹಿಂದೆ ಬರುವವನ ಚಕ್ರಕ್ಕೆ ಗುಂಡುಸೂಜಿ ಚೆಲ್ಲಬಹುದು. ಏಟು ತಿಂದ ಕಾರು ಪಲ್ಟಿ ಹೊಡೆದು ಚೂರುಚೂರಾಗಿ, ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಮಿಣಮಿಣ ಎನ್ನುತ್ತಾ ಮತ್ತೆ ದಾರಿಗೆ ಬಂದು ನಿಲ್ಲುತ್ತಿತ್ತು. ಸಾವು ಅಲ್ಲಿ ಮೂರು ಎಣಿಸುವಷ್ಟೇ ಉದ್ದ.

ಗುಬ್ಬಿಯ ತಾಯಿಗೂ ಅದರ ಹುಚ್ಚು ಹತ್ತಿತ್ತು. ಅವಳು ಕಾರು ರಿಪೇರಿ ಅಂಗಡಿಯಲ್ಲಿ ಸೀಟು ಹೊಲಿಯುವವಳು. ಅಂಗಡಿಯವರು ಸೀಟಕ್ಕ ಎಂದು ಕರೆದು ಕರೆದು ಮನೆಯವರ ಬಾಯಲ್ಲೂ ಅದೇ ನಿಂತಿತ್ತು. ಮಾವನಿಗೆ ಎಂದೂ ಎದುರಾಡದ ಸೊಸೆ, ಪರದೆಯ ಮೇಲೆ ಮಾತ್ರ ಅವರ ನೀಲಿ ಕಾರನ್ನು ಹಿಂದಿನಿಂದ ಗುದ್ದಿ ಮೇಜಿನ ಕೆಳಗೆ ಕೆಡವಿ ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು. ಮಾವನೂ ನಗುತ್ತಿದ್ದರು. ಚಿಕ್ಕವರು ದೊಡ್ಡವರನ್ನು ಉರುಳಿಸಿ ಬೈಸಿಕೊಳ್ಳದೆ ಉಳಿಯುವ ಜಾಗ ಆ ಮನೆಯಲ್ಲಿ ಅದೊಂದೇ.

ಆ ದಿನ ಗುಬ್ಬಿ ಸತತ ಏಳು ಸಲ ಗೆದ್ದಳು. ಮಾವ ಕಂಟ್ರೋಲರನ್ನು ಕೆಳಗಿಟ್ಟು ಮೊಮ್ಮಗಳ ಬೆನ್ನು ಚಪ್ಪರಿಸಿದರು.

"ನೋಡಿದ್ರಾ ಕೈ? ರಕ್ತದಲ್ಲೇ ಬಂದಿದೆ. ಇವಳಿಗೂ ಹನ್ನೆರಡು ತುಂಬೋ ದಿನ ಶಾಸ್ತ್ರ ಮಾಡಿಬಿಡೋಣ. ಎದುರಿಗೆ ನಾನೇ ನಿಲ್ತೀನಿ."

ಸೀಟಕ್ಕನ ನಗು ಬಾಯಲ್ಲೇ ಒಣಗಿತು.

ಅದು ಮೂರು ತಲೆಮಾರಿನಿಂದ ಡ್ರೈವರುಗಳ ಮನೆ. ಆ ಮನೆಯ ಗಂಡುಮಕ್ಕಳಿಗೆ ಹನ್ನೆರಡು ತುಂಬಿದ ದಿನ ನಿಜವಾದ ಕಾರಿನ ಸ್ಟೀರಿಂಗ್ ಕೊಡುತ್ತಿದ್ದರು. ಬೀದಿಯ ತುದಿಯಲ್ಲಿ, ನಲವತ್ತು ಹೆಜ್ಜೆ ದೂರದಲ್ಲಿ, ಮನೆಯ ಹಿರಿಯರು ಕೈಕಟ್ಟಿ ನಿಲ್ಲುತ್ತಿದ್ದರು. ಮಗು ಒಂಟಿಯಾಗಿ ಗಾಡಿ ಓಡಿಸಿಕೊಂಡು ಬಂದು ಅವರ ಮುಂದೆ ಬ್ರೇಕ್ ಹಾಕಬೇಕು. ಹಿರಿಯರು ಕದಲಬಾರದು. "ನಂಬಿಕೆ ಇದ್ದವನು ಎದುರು ನಿಲ್ತಾನೆ, ಮರ್ಯಾದೆ ಇದ್ದವನು ಬ್ರೇಕ್ ಹಾಕ್ತಾನೆ" ಎಂಬುದು ಮಾವನ ಗಾದೆ. ಹೆಣ್ಣುಮಗು ಹುಟ್ಟಿದಾಗ ಎಲ್ಲರೂ ಸೀಟಕ್ಕನಿಗೆ ಸಮಾಧಾನ ಹೇಳಿದ್ದರು. ಅವಳು ಒಳಗೊಳಗೇ ಬದುಕಿತು ಬಡಜೀವ ಎಂದುಕೊಂಡಿದ್ದಳು. ಈಗ ಮಾವ ದೊಡ್ಡ ಮನಸ್ಸು ಮಾಡಿ ಹೆಣ್ಣಿಗೂ ಸಮಾನತೆ ದಯಪಾಲಿಸಿದ್ದರು! ನೆಂಟರೆಲ್ಲ ಫೋನು ಮಾಡಿ ಹೊಗಳಿದ್ದೇ ಹೊಗಳಿದ್ದು.

ಓದುವವರೇ, ಇಂಥ ಶಾಸ್ತ್ರ ನಮ್ಮಲ್ಲಿಲ್ಲ ಎಂದು ಹಾಯಾಗಿ ಉಸಿರು ಬಿಡಬೇಡಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಸಿ ಫೋಟೋ ತೆಗೆಸಿಕೊಂಡ ತಂದೆಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಇವರು ಅದನ್ನೇ ಸ್ವಲ್ಪ ಗಟ್ಟಿಯಾಗಿ ಮಾಡುತ್ತಿದ್ದರು, ಅಷ್ಟೇ.

ಮರುದಿನ ಮಾವ ಸೊಸೆಯನ್ನು ಕರೆದು, "ನೋಡಮ್ಮ, ಮಗು ಕುಳ್ಳಿ. ಕೂರೋಕೆ ಒಂದು, ಬೆನ್ನಿಗೆ ಒಂದು ದಿಂಬು ಹೊಲಿದುಬಿಡು. ಕಾಲು ಎಟುಕಬೇಕು, ಕಣ್ಣು ಗಾಜಿಗೆ ಬರಬೇಕು. ತಾಯಿ ಕೈಯಿಂದ ಆದ್ರೆ ಶುಭ," ಎಂದರು.

ಅವಳು ಅಂಗಡಿಯಲ್ಲಿ ಫೋಮ್ ಕತ್ತರಿಸಲು ಕೂತಳು. ಪಕ್ಕದಲ್ಲೇ ಅಪಘಾತವಾದ ಕಾರೊಂದರ ಸೀಟುಗಳು ರಾಶಿ ಬಿದ್ದಿದ್ದವು. ಇಂಥ ಸೀಟುಗಳ ಹೊದಿಕೆ ಬಿಚ್ಚುವುದು ಅವಳ ದಿನದ ಕೆಲಸ. ಕಂದು ಬಣ್ಣಕ್ಕೆ ತಿರುಗಿದ ಕಲೆ ಯಾವುದು ಟೀಯದ್ದು, ಯಾವುದು ಟೀಯದ್ದಲ್ಲ ಎಂದು ಅವಳ ಮೂಗಿಗೇ ಗೊತ್ತು. ಹಿಂದಿನ ಸೀಟಿನ ಸಂದಿಯಲ್ಲಿ ಕೈಗೆ ಒಂದು ಪುಟ್ಟ ಕಾಲುಚೀಲ ಸಿಕ್ಕಿತು. ಬೇರೆ ದಿನವಾಗಿದ್ದರೆ ಪಕ್ಕಕ್ಕೆ ಎಸೆಯುತ್ತಿದ್ದಳು. ಈಗ ಅದನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಸಂಜೆ ಮನೆಗೆ ಬಂದಾಗ ಗುಬ್ಬಿ ಒಬ್ಬಳೇ ಆಡುತ್ತಿದ್ದಳು. ತಾಯಿ ಪಕ್ಕದಲ್ಲಿ ಕೂತು, "ಅಲ್ಲ ಕಣೇ, ಇದರಲ್ಲಿ ಬ್ರೇಕ್ ಯಾವ ಗುಂಡಿ?" ಎಂದು ಕೇಳಿದಳು.

"ಬ್ರೇಕಾ?" ಗುಬ್ಬಿ ಕಂಟ್ರೋಲರನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದೇ ಇರ್ಬೇಕು. ಅದನ್ನ ಯಾರಮ್ಮ ಒತ್ತುತಾರೆ? ಒತ್ತಿದ್ರೆ ಹಿಂದಿನವನು ಗುದ್ದಿಬಿಡ್ತಾನೆ."

"ಮತ್ತೆ ಎದುರಿಗೆ ಯಾರಾದ್ರೂ ಅಡ್ಡ ಬಂದ್ರೆ?"

"ಇನ್ನೂ ಜೋರಾಗಿ ಹೋಗೋದು! ಅವರೇ ಹಾರಿ ಬೀಳ್ತಾರೆ, ನಮಗೆ ಪಾಯಿಂಟ್."

ತಾಯಿ ಮಗಳ ಬೆರಳುಗಳನ್ನೇ ನೋಡಿದಳು. ಈ ಬೆರಳುಗಳು ವರ್ಷದಿಂದ ಕಲಿತದ್ದು ಇದನ್ನೇ. ಆಟದೊಳಗೆ ಅದು ಸರಿಯೇ, ಅಲ್ಲಿ ಸತ್ತವರು ಮೂರು ಎಣಿಸಿದರೆ ಏಳುತ್ತಾರೆ. ಬೀದಿಯ ತುದಿಯಲ್ಲಿ ಕೈಕಟ್ಟಿ ನಿಂತ ಎಪ್ಪತ್ತು ದಾಟಿದ ಮುದುಕ ಏಳುವುದಿಲ್ಲ. ಆಮೇಲೆ ಆ ಮಗು ಬದುಕಿದ್ದಷ್ಟು ದಿನ ಏನನ್ನು ಹೊತ್ತು ತಿರುಗಬೇಕು?

ಅವಳು ಧೈರ್ಯ ತಂದುಕೊಂಡು ಮಾವನ ಮುಂದೆ ನಿಂತಳು.

"ಮಾವ, ಈ ಶಾಸ್ತ್ರ ಬೇಡ. ಆಟದಲ್ಲಿ ಗೆದ್ದಳು ಅಂತ ಗಾಡಿ ಬರುತ್ತೆ ಅಂದ್ಕೋಬೇಡಿ. ಅವಳಿಗೆ ಬ್ರೇಕೇ ಗೊತ್ತಿಲ್ಲ."

"ಒಂದು ವಾರ ಹೇಳಿಕೊಟ್ರೆ ಆಯ್ತು. ನಾನು ಒಂದೇ ದಿನದಲ್ಲಿ ಕಲಿತೆ."

"ಭಯ ಆದಾಗ ಕಾಲು ಹೇಳಿಕೊಟ್ಟದ್ದು ಕೇಳಲ್ಲ, ಮಾವ. ಅಭ್ಯಾಸ ಆದದ್ದನ್ನ ಮಾಡುತ್ತೆ. ಕಾನೂನು ಕೂಡ ಸುಮ್ಮನೆ ಹದಿನೆಂಟು ಅಂತ ಇಟ್ಟಿಲ್ಲ."

"ಕಾನೂನು ಮಾಡಿದವರು ನಮ್ಮಪ್ಪನಿಗಿಂತ ಚೆನ್ನಾಗಿ ಗಾಡಿ ಓಡಿಸ್ತಿದ್ರಾ?" ಮಾವನ ದನಿ ಏರಿತು. "ಮೂರು ತಲೆಮಾರು ನಡೆದಿದೆ. ಒಬ್ಬರಿಗೆ ಒಂದು ಗೀರು ಬಿದ್ದಿಲ್ಲ. ನಿನ್ನ ಭಯ ಮಗೂಗೆ ಅಂಟಿಸಬೇಡ. ಹೋಗು, ದಿಂಬು ಮುಗಿಸು."

ಗಂಡನಾದರೂ ಬಾಯಿಬಿಡುತ್ತಾನೆಯೇ ಎಂದು ನೋಡಿದರೆ, ಅವನು ಬೂಟಿನ ಲೇಸು ಬಿಚ್ಚುತ್ತಾ ತಲೆ ತಗ್ಗಿಸಿ ಕೂತಿದ್ದ. ಅವನೂ ಬಾಡಿಗೆ ಕಾರಿನ ಡ್ರೈವರು. ಬೀದಿಯಲ್ಲಿ ಯಾರಾದರೂ ನಡೆದು ಹೋಗುತ್ತಿದ್ದರೆ ಗಾಡಿಯನ್ನು ನಡಿಗೆಗಿಂತ ನಿಧಾನ ಮಾಡುವವನು. ಸ್ಟ್ಯಾಂಡಿನವರು ಅವನಿಗೆ ಆಮೆ ಎಂದು ಹೆಸರಿಟ್ಟಿದ್ದರು.

"ರೀ, ನೀವಾದ್ರೂ ಹೇಳಿ."

"ಸುಮ್ನಿರು," ಎಂದ ಅವನು. ಅವನ ತುಟಿ ಬೆಳ್ಳಗಾಗಿತ್ತು.

ಗುಟ್ಟು ಹೇಳಿದವರು ಅತ್ತೆ. ಮರುದಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟು, ಹಜಾರದ ಕಡೆ ಒಮ್ಮೆ ಇಣುಕಿ ನೋಡಿ, ಬಾಗಿಲು ಮುಂದೆ ಮಾಡಿದರು.

"ನೋಡೇ, ನನ್ನ ಮಾವ ಸತ್ತದ್ದು ಹೇಗೆ ಅಂತ ನಿಂಗೆ ಹೇಳಿದ್ದಾರೆ?"

"ಬಚ್ಚಲಲ್ಲಿ ಜಾರಿ ಬಿದ್ದು, ಎರಡು ವರ್ಷ ಹಾಸಿಗೆ ಹಿಡಿದು..."

"ಬಚ್ಚಲೂ ಇಲ್ಲ, ಗಿಚ್ಚಲೂ ಇಲ್ಲ. ನಿನ್ನ ಗಂಡನಿಗೆ ಹನ್ನೆರಡು ತುಂಬಿದ ದಿನ ಎದುರು ನಿಂತಿದ್ದವರು ಅವರೇ. ಮಗು ಬ್ರೇಕ್ ಅಂತ ಇನ್ನೊಂದನ್ನ ಒತ್ತಿಬಿಡ್ತು. ಸೊಂಟ ಮುರೀತು. ಎರಡು ವರ್ಷ ಅವರ ಹಾಸಿಗೆ ಬಟ್ಟೆ ಒಗೆದವಳು ನಾನು. ಜಾರಿ ಬಿದ್ರು ಅಂತ ಹೇಳಿ ಅಂತ ನಿನ್ನ ಮಾವ ಎಲ್ಲರ ಬಾಯಿ ಕಟ್ಟಿದ್ರು." ಈರುಳ್ಳಿಗೆ ಬಂದ ಕಣ್ಣೀರೋ ಬೇರೆಯದೋ, ಅತ್ತೆ ಮುಂಗೈಯಿಂದ ಒರೆಸಿಕೊಂಡರು. "ಆಮೇಲೆ ನನ್ನ ಮಗ ಆರು ತಿಂಗಳು ಮಾತೇ ಆಡಲಿಲ್ಲ. ಜನ ಅವನನ್ನ ಆಮೆ ಅಂತ ನಗ್ತಾರೆ. ನಗಲಿ, ಅವರಿಗೇನು ಗೊತ್ತು?"

"ಅತ್ತೆ, ಇಷ್ಟು ವರ್ಷ ನೀವು ಯಾಕೆ..."

"ಭಯ ಕಣೇ," ಎಂದು ಅತ್ತೆ ಮತ್ತೆ ಚಾಕು ಎತ್ತಿಕೊಂಡರು.

ಉಳಿದ ದಿನಗಳು ಕೆಟ್ಟ ಕನಸಿನಂತೆ ಓಡಿದವು. ಮೈದುನ ದಿನವೂ ಬೆಳಿಗ್ಗೆ ಗುಬ್ಬಿಯನ್ನು ಖಾಲಿ ಮೈದಾನಕ್ಕೆ ಕರೆದೊಯ್ದು ಗಾಡಿ ಕಲಿಸಿದ. "ಬಲು ಚುರುಕು!" ಎಂದು ಬಂದು ಹೇಳುತ್ತಿದ್ದ. ಚುರುಕಾದ ಮಗು ಮಾತ್ರ ಊಟ ಬಿಟ್ಟಿತ್ತು. ತನ್ನ ಪ್ರೀತಿಯ ಆಟವನ್ನೂ ಮುಟ್ಟುತ್ತಿರಲಿಲ್ಲ. ತಾಯಿ ತಲೆ ಬಾಚುವಾಗ, "ಅಮ್ಮಾ, ತಾತ ನಿಜವಾಗ್ಲೂ ಪಕ್ಕಕ್ಕೆ ಹೋಗಲ್ವಾ?" ಎಂದು ಕೇಳಿತು. "ಹೋಗಲ್ಲ ಅಂದ್ರೆ ನಾನು ಬೇಡ ಅನ್ನಬಹುದಾ? ತಾತ ನನ್ನ ಮೇಲೆ ಬೇಜಾರಾಗ್ತಾರಾ?" ಸೀಟಕ್ಕ ಮಗಳ ಜಡೆಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತುಬಿಟ್ಟಳು. ಆ ಗಳಿಗೆಯಲ್ಲೇ ಅವಳು ನಿರ್ಧಾರ ಮಾಡಿದ್ದು.

ಆ ದಿನ ಬಂತು. ಬೆಳಿಗ್ಗೆ ಹತ್ತು ಗಂಟೆ, ಚುರುಕು ಬಿಸಿಲು. ಬೀದಿಯ ಎರಡೂ ಬದಿಗೆ ನೆಂಟರು, ಮೊಬೈಲು ಎತ್ತಿ ಹಿಡಿದ ನೆರೆಯವರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಲವತ್ತು ಹೆಜ್ಜೆ ಎಣಿಸಿ ನಡೆದುಹೋಗಿ ಕೈಕಟ್ಟಿ ನಿಂತರು. ಕಾರಿನಲ್ಲಿ ಎರಡು ದಿಂಬುಗಳ ನಡುವೆ ಗುಬ್ಬಿ. ಮುಖದಲ್ಲಿ ರಕ್ತವಿರಲಿಲ್ಲ. ಮೈದುನ ಎಂಜಿನ್ ಶುರು ಮಾಡಿಕೊಟ್ಟು ಇಳಿದುಬಂದ.

ಸೀಟಕ್ಕ ಯಾರನ್ನೂ ಕೇಳದೆ ಹೋಗಿ ಇನ್ನೊಂದು ಬಾಗಿಲು ತೆಗೆದು ಮಗಳ ಪಕ್ಕ ಕೂತಳು.

"ಅತ್ತಿಗೆ, ಪಕ್ಕದಲ್ಲಿ ಯಾರೂ ಕೂರೋ ಹಾಗಿಲ್ಲ!" ಎಂದು ಮೈದುನ ಕೂಗಿದ.

ಅವಳು ಗಾಜು ಏರಿಸಿದಳು. ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಎರಡು ಸಲ ಅಲ್ಲಾಡಿಸಿ ನೋಡಿದಳು.

"ಗುಬ್ಬಿ, ಕೇಳು ಪುಟ್ಟಾ. ಗಾಡಿ ಮುಂದೆ ಹೋಗಲ್ಲ. ನಾನು ಹಿಡ್ಕೊಂಡಿದ್ದೀನಿ. ಎಷ್ಟು ಒತ್ತಿದ್ರೂ ಹೋಗಲ್ಲ. ತಿಳೀತಾ? ಈಗ ತಾತನ್ನೇ ನೋಡು. ಹತ್ರ ಬಂದುಬಿಟ್ರು ಅಂದ್ಕೋ. ಬ್ರೇಕ್ ಹಾಕು!"

ಮಗು ತಾತನನ್ನು ನೋಡಿತು. ಮೈಯೆಲ್ಲ ಸೆಟೆದು, ಕಾಲು ಧಡ್ಡನೆ ಕೆಳಗಿಳಿಯಿತು.

ಎಂಜಿನ್ ಕಿರುಚಿತು. ಬೀದಿಗೆ ಬೀದಿಯೇ ನಡುಗುವಂಥ ಕಿರುಚಾಟ. ಗುಬ್ಬಿ ಗಾಬರಿಗೆ ಇನ್ನಷ್ಟು ಒತ್ತಿದಳು, ಅದು ಇನ್ನಷ್ಟು ಕಿರುಚಿತು. ಹೆಂಗಸರು ಚೀರಿದರು. ಮೂರು ತಲೆಮಾರಿನಲ್ಲಿ ಯಾರೂ ಕದಲದ ಆ ಜಾಗದಿಂದ ಮಾವ ಒಂದೇ ನೆಗೆತಕ್ಕೆ ಪಕ್ಕದ ಗೋಡೆಗೆ ಹೋಗಿ ಬಿದ್ದರು.

ಸೀಟಕ್ಕ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಕಾರು ಒಂದು ಇಂಚೂ ಸರಿದಿರಲಿಲ್ಲ.

ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಮಾವ ಗೋಡೆ ಹಿಡಿದು ಎದ್ದು ಅಂಗಿಯ ಧೂಳು ಕೊಡವಿದರು. "ಕಾಲು ಜಾರಿತು. ಮರಳಿತ್ತು ಇಲ್ಲಿ. ಇನ್ನೊಂದು ಸಲ ಶುರು ಮಾಡಿ," ಎಂದರು.

"ಬೇಡ ಅಪ್ಪಾ."

ದನಿ ಅಷ್ಟು ಸಣ್ಣದಾಗಿತ್ತು, ಮಾತಾಡಿದ್ದು ತನ್ನ ಗಂಡನೆಂದು ಸೀಟಕ್ಕನಿಗೆ ತಕ್ಷಣ ತಿಳಿಯಲಿಲ್ಲ. ಅವನು ಬಂದು ಕಾರಿನ ಕೀಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡ. "ನಮ್ಮ ಮನೇಲಿ ಎಲ್ರೂ ಜಾರಿಯೇ ಬೀಳ್ತಾರೆ ಅಲ್ವಾ ಅಪ್ಪಾ? ಅಜ್ಜ ಬಚ್ಚಲಲ್ಲಿ ಜಾರಲಿಲ್ಲ. ಇದೇ ಬೀದೀಲಿ ನಾನು ಗುದ್ದಿದೆ. ಅವರ ಸೊಂಟ ಮುರಿದ ಸದ್ದು ಇವತ್ತಿಗೂ ನನ್ನ ಕಿವೀಲಿದೆ. ಅದು ನನ್ನ ಮಗಳ ಕಿವಿಗೆ ಬೇಡ."

ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎತ್ತಿದ ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

"ಈ ಹಾಳು ಆಟದಿಂದ್ಲೇ ಮಗು ಕೆಟ್ಟಿದ್ದು," ಎಂದು ಮಾವ ಗೊಣಗಿದರು.

"ಆಟಕ್ಕೆ ಬೈಬೇಡಿ ಮಾವ," ಎಂದಳು ಸೀಟಕ್ಕ, ಕಾರಿನಿಂದಿಳಿದು. "ಆಟ ನಮ್ಮ ಕೈಗೆ ಆಟಿಕೆ ಕೊಡ್ತು. ಮಗು ಕೈಗೆ ಕೀ ಕೊಟ್ಟವರು ನಾವು. ದಿಂಬು ಹೊಲಿದವಳು ನಾನು, ನನ್ನದೂ ತಪ್ಪೇ. ನೀವು ಸರಿದದ್ದು ತಪ್ಪಲ್ಲ, ಜೀವ ಇರೋರೆಲ್ಲ ಸರೀತಾರೆ. ನಿಮಗೆ ಸರಿಯೋಕೆ ಇಷ್ಟು ಅಗಲದ ಬೀದಿ ಇತ್ತು. ಒಳಗೆ ಕೂತ ಮಗೂಗೆ ಎಲ್ಲಿತ್ತು ಜಾಗ?"

ಗುಂಪಿನಿಂದ ವಾರಗಿತ್ತಿ ತನ್ನ ಹತ್ತು ವರ್ಷದ ಮಗನ ಕೈಹಿಡಿದು ಮುಂದೆ ಬಂದಳು. "ನನ್ನ ಮಗನಿಗೂ ಬೇಡ. ಹದಿನೆಂಟು ಆಗ್ಲಿ, ಲೈಸೆನ್ಸ್ ಬರ್ಲಿ, ಆಮೇಲೆ ನೋಡೋಣ," ಎಂದಳು. ಮೈದುನ ಅಣ್ಣನ ಮುಷ್ಟಿಯನ್ನು ನೋಡಿ ಹಿಂದೆ ಸರಿದ. ಅತ್ತೆ ಬಾಗಿಲಲ್ಲಿ ಕುಸಿದು ಕೂತು, ಮೂವತ್ತು ವರ್ಷ ತಡೆದದ್ದನ್ನೆಲ್ಲ ಬಿಕ್ಕಿ ಬಿಕ್ಕಿ ಅತ್ತರು.

ಮಾವ ಬೀದಿಯ ಅಂಚಿನ ಕಟ್ಟೆಯ ಮೇಲೆ ಕೂತರು. ಗುಬ್ಬಿ ಕಾರಿನಿಂದಿಳಿದು, ಹತ್ತಿರ ಹೋಗಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಪಕ್ಕದಲ್ಲಿ ಕೂತಳು.

"ತಾತಾ, ನಂಗೆ ತುಂಬಾ ಭಯ ಆಯ್ತು. ನಿಮಗೆ ಆಯ್ತಾ?"

ಬಿಳಿ ಅಂಗಿಯ ತೋಳು ಹರಿದು ಮೊಣಕೈ ಕೆಂಪಾಗಿತ್ತು. ಮಾವ ಅದನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡರು.

"ಆಯ್ತು ಮಗಾ," ಎಂದರು ಅವರು. "ನಂಗೆ ಹನ್ನೆರಡು ತುಂಬಿದ ದಿನವೇ ಆಗಿತ್ತು. ಅವತ್ತು ಯಾರೂ ಕೇಳಲಿಲ್ಲ."